ಮೂತ್ರಪಿಂಡಕ್ಕೊಂದು ನ್ಯಾಯ, ಕಣ್ಣಿಗೊಂದು ನ್ಯಾಯ

1940ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಡನೀಡಿನ್ ನಗರಕ್ಕೆ, ಅಲ್ಲಿನ ಒಟಾಗೋ ವಿಶ್ವವಿದ್ಯಾನಿಲಯದ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಹೊರೇಸ್ ಸ್ಮರ್ಕ್ ಎಂಬ ಆಂಗ್ಲ ವೈದ್ಯರು, ರಕ್ತದೊತ್ತಡವನ್ನು ಔಷಧದಿಂದ ಇಳಿಸುವುದು ಸಾಧ್ಯವೂ ಅಹುದು, ಶ್ರೇಯಸ್ಕರವೂ ಅಹುದು ಎಂದು ನಂಬಿದ್ದ ಕೆಲವೇ ಮಂದಿಯಲ್ಲಿ ಒಬ್ಬರಾಗಿದ್ದರು. ಆ ಕಾಲದ ಪಂಡಿತಾಭಿಪ್ರಾಯ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದ್ದಿತು: ಗಡಸಾಗಿ ಸಂಕುಚಿತವಾದ ನಾಳಗಳ ಮೂಲಕ ರಕ್ತವನ್ನು ನೂಕುವುದಕ್ಕಾಗಿ ಒತ್ತಡ ಏರುವುದು ದೇಹವೇ ಮಾಡಿಕೊಂಡ ಏರ್ಪಾಡೆಂದೂ, ಅದನ್ನು ಕೆಡಿಸಿದರೆ ಮಿದುಳು ಮೂತ್ರಪಿಂಡಗಳಿಗೆ ರಕ್ತ ಸಾಲದೆ ಹೋಗುವುದೆಂದೂ ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದರು. ಹೆಕ್ಸಮೆಥೋನಿಯಮ್ ಎಂಬ ಔಷಧ ಕೈಗೆ ಬಂದೊಡನೆಯೇ ಸ್ಮರ್ಕರು ಅದನ್ನು ತಮ್ಮ ರೋಗಿಗಳಿಗೆ ಚರ್ಮದಡಿಯ ಚುಚ್ಚುಮದ್ದಾಗಿ ಕೊಡಲು ತೊಡಗಿದರು. ಮಲಬದ್ಧತೆ, ಬಾಯಿ ಒಣಗುವುದು, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುವುದು ಮುಂತಾದ ಉಪದ್ರವಗಳು ಒಂದೆರಡಲ್ಲವಾದರೂ, ವರ್ಷವೆರಡು ವರ್ಷಗಳಲ್ಲಿ ಸಾವು ನಿಶ್ಚಿತವೆಂಬಂತಿದ್ದ ತೀವ್ರ ರಕ್ತದೊತ್ತಡದ ರೋಗಿಗಳು ಬದುಕಿ ಉಳಿದರು. ಅವರ ಕಣ್ಣಿನ ಹಿಂಭಿತ್ತಿಯಲ್ಲಿ ಊದಿಕೊಂಡಿದ್ದ ನೇತ್ರನರದ ಬುಡ ಇಳಿಯಿತು, ಚೆಲ್ಲಿದ್ದ ರಕ್ತದ ಕಲೆಗಳು ಕರಗಿದವು. ಒತ್ತಡ ಇಳಿದರೆ ಕಣ್ಣು ಚೇತರಿಸಿಕೊಳ್ಳುವುದೆಂಬುದಕ್ಕೆ ಕಣ್ಣಾರೆ ಕಾಣುವ ಸಾಕ್ಷ್ಯಗಳಲ್ಲಿ ಮೊದಮೊದಲಿನವು ಈ ದೂರದ ದ್ವೀಪದಲ್ಲಿ ದೊರೆತವೆಂಬುದನ್ನು ಇಲ್ಲಿಯ ಜನರೇ ಹೆಚ್ಚಾಗಿ ನೆನೆಯುವುದಿಲ್ಲ.

ಸ್ಮರ್ಕರ ಲಕ್ಷ್ಯ ಮಧುಮೇಹವಾಗಿರಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಯೇ ಮುಂದೆ ಮಧುಮೇಹಿಗಳ ಪಾಲಿಗೆ ಜೀವನ್ಮರಣದ ಪ್ರಶ್ನೆಯಾಯಿತು. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬಿ.ಪಿ. ಮಾತ್ರೆಯೊಂದನ್ನು ಬರೆದುಕೊಡುವಾಗ "ಇದು ನಿಮ್ಮ ಕಣ್ಣು, ಕಿಡ್ನಿಗಳನ್ನು ಕಾಪಾಡುತ್ತದೆ" ಎಂದು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಕಳೆದ ಐದು ದಶಕಗಳ ಪರೀಕ್ಷಣಗಳನ್ನು ಒಂದೆಡೆಗೆ ತಂದು ನೋಡಿದರೆ, ಈ ಮಾತಿನ ಅರ್ಧಭಾಗ ಬಲವಾದ ಪ್ರಮಾಣಗಳ ಮೇಲೆ ನಿಂತಿರುವುದಾಗಿಯೂ, ಉಳಿದರ್ಧವು ಅಷ್ಟು ಗಟ್ಟಿಯಾದುದಲ್ಲವೆಂಬುದಾಗಿಯೂ ತೋರುತ್ತದೆ. ಅಲ್ಲದೆ ನ್ಯೂಜಿಲೆಂಡಿನಂಥ ದೇಶದಲ್ಲಿ, ಯಾವ ಮಾತ್ರೆ ಉತ್ತಮವೆಂಬ ವಿವಾದಕ್ಕಿಂತ, ಮಾತ್ರೆ ಯಾರ ಬಾಯಿಗೆ ಎಷ್ಟು ಕಾಲ ತಲಪುತ್ತದೆಂಬ ವಿಚಾರವೇ ಹೆಚ್ಚು ತೂಕದ್ದೆಂದು ನನಗೆ ಮನವರಿಕೆಯಾಗಿದೆ.

ಇನ್ಸುಲಿನ್ 1921ರಲ್ಲಿ ಟೊರಾಂಟೋ ನಗರದಲ್ಲಿ ಕಂಡುಬರುವವರೆಗೆ ಎಳೆಯ ವಯಸ್ಸಿನ ಮಧುಮೇಹಿಗಳು ಕಣ್ಣೋ ಮೂತ್ರಪಿಂಡವೋ ಕೆಡುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಬದುಕಲಾರಂಭಿಸಿದ ಮೇಲೆ ಈ ನಿಧಾನದ ಅನರ್ಥಗಳು ಬೆಳಕಿಗೆ ಬಂದವು. ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು 1936ರಲ್ಲಿ ಮೃತರ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರಕ್ತವನ್ನು ಸೋಸುವ ಲೋಮನಾಳಗಳ ಗೊಂಚಲುಗಳಲ್ಲಿ ಗಂಟುಗಂಟಾಗಿ ಕೂಡಿಕೊಂಡ ಒಂದು ವಿಕಾರವನ್ನು ವರ್ಣಿಸಿದರು. ಒಂದೊಂದು ಮೂತ್ರಪಿಂಡದಲ್ಲಿ ಇಂಥ ಗೊಂಚಲುಗಳು ಸುಮಾರು 10 ಲಕ್ಷ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಎರಡು ಲೀಟರಷ್ಟನ್ನು ಮಾತ್ರ ಮೂತ್ರವಾಗಿ ಬಿಟ್ಟು, ಮಿಕ್ಕದ್ದನ್ನು ಹಿಂದಕ್ಕೆ ಹೀರಿಕೊಳ್ಳುತ್ತವೆ. ಪ್ರತಿ ಗೊಂಚಲಿಗೂ ರಕ್ತ ಒಳಬರುವ ಕಿರುನಾಳವೊಂದು, ಹೊರಹೋಗುವ ಕಿರುನಾಳವೊಂದು. ಗದ್ದೆಗೆ ನೀರು ಬರುವ ತೂಬನ್ನು ಅಗಲವಾಗಿ ತೆರೆದು, ಹೊರಬಿಡುವ ತೂಬನ್ನು ಅರ್ಧ ಮುಚ್ಚಿದರೆ ನೀರು ನಿಂತು ಬದುವನ್ನು ಕೊರೆಯುವುದಷ್ಟೆ? ಮಧುಮೇಹದಲ್ಲಿ ಆಗುವುದೂ ಅದೇ: ಒಳನಾಳ ಸಡಿಲುತ್ತದೆ, ಹೊರನಾಳವು ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕದ ಪ್ರಭಾವದಿಂದ ಬಿಗಿದುಕೊಳ್ಳುತ್ತದೆ, ನಡುವಿನ ಗೊಂಚಲಿನಲ್ಲಿ ಒತ್ತಡವೇರಿ ಅದರ ಗೋಡೆ ಹಾಳಾಗುತ್ತದೆ, ಹೊರಗೆ ಹೋಗಬಾರದ ಆಲ್ಬುಮಿನ್ ಎಂಬ ಸಸಾರಜನಕ ಮೂತ್ರಕ್ಕೆ ಜಿನುಗುತ್ತದೆ. ತೋಳಿನಲ್ಲಿ ಅಳೆಯುವ ರಕ್ತದೊತ್ತಡ ಒಂದು, ಈ ಗೊಂಚಲಿನೊಳಗಿನ ಒತ್ತಡ ಮತ್ತೊಂದು; ಬಾಸ್ಟನ್ನಿನ ಬ್ರೆನ್ನರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ಸ್ಥಾಪಿಸಿದ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದ ಹೊರತು ಮುಂದಿನ ಕಥೆ ಅರ್ಥವಾಗದು.

ಆಂಜಿಯೊಟೆನ್ಸಿನ್ನಿನ ಶೋಧವೇ ಒಂದು ದೀರ್ಘ ಪ್ರಯಾಣ. 1898ರಲ್ಲಿ ಸ್ಟಾಕ್‌ಹೋಮಿನ ಟೈಗರ್‌ಸ್ಟೆಡ್ಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ರಸವನ್ನು ಬೇರೆ ಮೊಲಕ್ಕೆ ಚುಚ್ಚಿ ಅದರ ರಕ್ತದೊತ್ತಡ ಏರುವುದನ್ನು ಕಂಡು, ಆ ದ್ರವ್ಯಕ್ಕೆ ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಅಮೆರಿಕದ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಧಮನಿಯನ್ನು ಇಕ್ಕಳದಿಂದ ಬಿಗಿದು ಸ್ಥಿರವಾದ ರಕ್ತದೊತ್ತಡವನ್ನು ಉಂಟುಮಾಡಿದರು. ಅನಂತರ ಬ್ಯೂನಸ್ ಐರಿಸ್ ನಗರದ ಒಂದು ತಂಡವೂ ಅಮೆರಿಕದ ಇಂಡಿಯಾನಾಪೊಲಿಸಿನ ಒಂದು ತಂಡವೂ ಪ್ರತ್ಯೇಕವಾಗಿ ಒಂದೇ ವಸ್ತುವನ್ನು ಕಂಡುಹಿಡಿದು, ಇಬ್ಬರಿಟ್ಟ ಹೆಸರುಗಳನ್ನೂ ಕತ್ತರಿಸಿ ಜೋಡಿಸಿ 1958ರಲ್ಲಿ ಆಂಜಿಯೊಟೆನ್ಸಿನ್ ಎಂಬ ಹೆಸರಿಗೆ ರಾಜಿಯಾದರು. ಅದನ್ನು ತಡೆಯುವ ಉಪಾಯ ದೊರೆತದ್ದು ಮಾತ್ರ ಹಾವಿನ ವಿಷದಲ್ಲಿ. ಬ್ರೆಜಿಲಿನ ಜರರಾಕ ಎಂಬ ಮಂಡಲದ ಜಾತಿಯ ಹಾವು ಕಚ್ಚಿದವರಲ್ಲಿ ರಕ್ತದೊತ್ತಡ ಕುಸಿಯುವುದುಂಟು. ಅದರ ವಿಷದಲ್ಲಿನ ಒಂದು ಅಂಶವನ್ನು ಸೆರ್ಜಿಯೊ ಫೆರೆಯ್ರಾ 1965ರ ಸುಮಾರಿನಲ್ಲಿ ಬೇರ್ಪಡಿಸಿ, ಲಂಡನ್ನಿನ ಜಾನ್ ವೇನರ ಪ್ರಯೋಗಶಾಲೆಗೆ ಒಯ್ದರು. ಆ ಸುಳಿವನ್ನು ಹಿಡಿದು ಸ್ಕ್ವಿಬ್ ಕಂಪನಿಯ ಕುಶ್ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳು ಗುಳಿಗೆಯಾಗಿ ನುಂಗಬಹುದಾದ ಕ್ಯಾಪ್ಟೊಪ್ರಿಲ್ ರಚಿಸಿದರು; 1981ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಮುಂತಾದ 'ಪ್ರಿಲ್' ಮಾತ್ರೆಗಳೆಲ್ಲ ಅದರ ಸಂತಾನ. ಲೊಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದ 'ಸಾರ್ಟನ್' ಮಾತ್ರೆಗಳು ಅದೇ ಕೆಲಸವನ್ನು ಮತ್ತೊಂದು ಮೆಟ್ಟಿಲಲ್ಲಿ ಮಾಡುವಂಥವು.

ಈ ಮಾತ್ರೆಗಳಿಗೆ ಮುಂಚೆಯೇ ಡೆನ್ಮಾರ್ಕಿನವರು ದಾರಿ ತೋರಿಸಿದ್ದರು. ಆರ್‌ಹುಸ್ ನಗರದ ಮೊಗೆನ್ಸೆನ್ 1976ರಲ್ಲಿಯೂ, ಕೋಪನ್‌ಹೇಗನ್ನಿನ ಪಾರ್ವಿಂಗ್ 1983ರಲ್ಲಿಯೂ, ಬೆರಳೆಣಿಕೆಯಷ್ಟು ರೋಗಿಗಳಲ್ಲಿ ಹಳೆಯ ಕಾಲದ ಔಷಧಗಳಿಂದಲೇ ರಕ್ತದೊತ್ತಡವನ್ನು ಇಳಿಸಿ, ಮೂತ್ರಪಿಂಡ ಕ್ಷೀಣಿಸುವ ವೇಗ ಕಡಮೆಯಾಗುವುದನ್ನು ತೋರಿಸಿದರು. ಲಂಡನ್ನಿನ ಗೈಸ್ ಆಸ್ಪತ್ರೆಯ ಹ್ಯಾರಿ ಕೀನ್ ಮತ್ತು ಸಂಗಡಿಗರು, ಸಾಮಾನ್ಯ ಪರೀಕ್ಷೆಗೆ ಸಿಕ್ಕದಷ್ಟು ಅತ್ಯಲ್ಪ ಆಲ್ಬುಮಿನ್ನನ್ನೂ ಅಳೆಯುವ ಕ್ರಮವನ್ನು ರೂಢಿಗೆ ತಂದರು. ಆ ಅತ್ಯಲ್ಪವೇ ಮುಂದಿನ ಅನಾಹುತದ ಮುನ್ಸೂಚನೆಯೆಂದು 1980ರ ದಶಕದ ಆದಿಯಲ್ಲಿ ಲಂಡನ್ನಿನಿಂದಲೂ ಆರ್‌ಹುಸ್‌ನಿಂದಲೂ ವರದಿಗಳು ಬಂದವು. ಇಂದು ಆಕ್ಲೆಂಡಿನ ಯಾವ ವೈದ್ಯರಾದರೂ ಮಧುಮೇಹಿಗೆ ವರ್ಷಕ್ಕೊಮ್ಮೆ ಬರೆದುಕೊಡುವ ಚೀಟಿಯಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಪ್ರಮಾಣವೆಂಬ ಒಂದು ಸಾಲಿರುತ್ತದೆ. ಬೆಳಗ್ಗೆ ಹಿಡಿದ ಮೂತ್ರವನ್ನು ಹಳದಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಲ್ಯಾಬಿಗೆ ಕೊಟ್ಟರೆ ಒಂದೆರಡು ದಿನಗಳಲ್ಲಿ ಅಂಕಿ ಬರುತ್ತದೆ. ಅದು 3ಕ್ಕಿಂತ ಮೇಲಿದ್ದು, ಮತ್ತೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಪ್ರಿಲ್ ಅಥವಾ ಸಾರ್ಟನ್ ಆರಂಭಿಸಬೇಕೆಂಬುದು ಇಲ್ಲಿಯ ನಿಯಮ. ಭಾರತದ ವರದಿಗಳಲ್ಲಿ ಇದೇ ಅಂಕಿ ಬೇರೆ ಮಾನದಲ್ಲಿ, ಸುಮಾರು ಹತ್ತರಷ್ಟಾಗಿ, 30 ಎಂದು ಕಾಣುವುದರಿಂದ, ಊರಿನ ವರದಿಯನ್ನೂ ಇಲ್ಲಿಯ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಒಂಬತ್ತು ಪಾಲು ಗುಣವಾಯಿತೆಂದು ಸಂತೋಷಪಟ್ಟವರೂ ಉಂಟು.

ಮೂತ್ರಪಿಂಡದ ವಿಷಯದಲ್ಲಿ ನಿರ್ಣಾಯಕವಾದ ಪರೀಕ್ಷಣ 1993ರ ನವೆಂಬರಿನಲ್ಲಿ ಅಮೆರಿಕದ ಲೂಯಿಸ್ ಮತ್ತು ಸಂಗಡಿಗರು ಪ್ರಕಟಿಸಿದುದು. ಇನ್ಸುಲಿನ್ ಅವಲಂಬಿತರಾಗಿ, ಮೂತ್ರದಲ್ಲಿ ಆಗಲೇ ಧಾರಾಳವಾಗಿ ಸಸಾರಜನಕ ಹೋಗುತ್ತಿದ್ದ 409 ಜನರಲ್ಲಿ ಅರ್ಧದಷ್ಟು ಮಂದಿಗೆ ಕ್ಯಾಪ್ಟೊಪ್ರಿಲ್ಲನ್ನೂ, ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟು, ರಕ್ತದೊತ್ತಡವನ್ನು ಬೇರೆ ಔಷಧಗಳಿಂದ ಇಬ್ಬರಲ್ಲಿಯೂ ಹೆಚ್ಚುಕಡಮೆ ಸಮಾನವಾಗಿಟ್ಟರು. ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಇಮ್ಮಡಿಯಾದವರು ಕ್ಯಾಪ್ಟೊಪ್ರಿಲ್ ಗುಂಪಿನಲ್ಲಿ 25, ಇನ್ನೊಂದರಲ್ಲಿ 43. ಸಾವು, ಡಯಾಲಿಸಿಸ್, ಮೂತ್ರಪಿಂಡದ ಕಸಿ ಇವೆಲ್ಲ ಸೇರಿದ ಅಪಾಯ ಅರ್ಧಕ್ಕೆ ಇಳಿಯಿತು. ವಯಸ್ಸಾದ ಮೇಲೆ ಬರುವ ಎರಡನೆಯ ಬಗೆಯ ಮಧುಮೇಹಕ್ಕೆ ಇಂಥದೇ ಉತ್ತರ ಸಿಕ್ಕಲು 2001ರವರೆಗೆ ಕಾಯಬೇಕಾಯಿತು. ಆ ವರ್ಷ ಒಟ್ಟಿಗೇ ಬಂದ ಮೂರು ಪರೀಕ್ಷಣಗಳಲ್ಲಿ, 1513 ಜನರ ಮೇಲಿನ ಲೊಸಾರ್ಟನ್ ಪರೀಕ್ಷಣವು ಮೂತ್ರಪಿಂಡದ ಸಂಪೂರ್ಣ ವೈಫಲ್ಯವನ್ನು ಶೇಕಡ 28ರಷ್ಟು ತಗ್ಗಿಸಿತು. ಇರ್ಬೆಸಾರ್ಟನ್ನಿನ ಒಂದು ಪರೀಕ್ಷಣವು, ಇನ್ನೂ ಅತ್ಯಲ್ಪ ಆಲ್ಬುಮಿನ್ನಿನ ಹಂತದಲ್ಲಿದ್ದವರಲ್ಲಿ ಎರಡು ವರ್ಷಗಳೊಳಗೆ ಮುಂದಿನ ಹಂತಕ್ಕೆ ಜಾರಿದವರ ಪ್ರಮಾಣವನ್ನು ಶೇಕಡ 14.9ರಿಂದ 5.2ಕ್ಕೆ ಇಳಿಸಿತು. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತಲೂ ಬೋಧಪ್ರದವಾದುದು ಇರ್ಬೆಸಾರ್ಟನ್ನನ್ನು ಆಮ್ಲೊಡಿಪಿನ್‌ಗೆ ಎದುರಾಗಿ ನಿಲ್ಲಿಸಿದ ಮೂರನೆಯದು. ಆಮ್ಲೊಡಿಪಿನ್ ರಕ್ತದೊತ್ತಡವನ್ನು ಅಷ್ಟೇ ಚೆನ್ನಾಗಿ ಇಳಿಸಿತು. ಮೂತ್ರಪಿಂಡವನ್ನು ಮಾತ್ರ ಹುಸಿಮಾತ್ರೆಗಿಂತ ಹೆಚ್ಚಾಗಿ ಕಾಪಾಡಲಿಲ್ಲ. ತೋಳಿನ ಒತ್ತಡವಲ್ಲ, ಗೊಂಚಲಿನ ಒತ್ತಡವೇ ಇಲ್ಲಿಯ ಮರ್ಮವೆಂಬ ಬ್ರೆನ್ನರರ ವಾದಕ್ಕೆ ಮನುಷ್ಯರಲ್ಲಿ ಇಷ್ಟು ಸ್ಪಷ್ಟವಾದ ಬೆಂಬಲ ಅದಕ್ಕೆ ಮೊದಲು ದೊರೆತಿರಲಿಲ್ಲ.

ಹಾಗಾದರೆ ಪ್ರಿಲ್ ಸಾರ್ಟನ್‌ಗಳೇ ಸರ್ವಸ್ವವೆನ್ನೋಣವೇ? ಬ್ರಿಟನ್ನಿನ ಸುಪ್ರಸಿದ್ಧ ಮಧುಮೇಹ ಅಧ್ಯಯನ 1998ರಲ್ಲಿ ಬೇರೊಂದು ರಾಗವನ್ನೇ ಹಾಡಿತು. ಅದರಲ್ಲಿ 1148 ರಕ್ತದೊತ್ತಡದ ಮಧುಮೇಹಿಗಳನ್ನು ಎಂಟು ವರ್ಷಗಳಿಗೂ ಹೆಚ್ಚು ಕಾಲ ಅನುಸರಿಸಲಾಯಿತು. ಬಿಗಿಯಾಗಿ ಹಿಡಿದವರ ಒತ್ತಡ ಸರಾಸರಿ 144/82, ಸಡಿಲ ಬಿಟ್ಟವರದು 154/87. ಇಷ್ಟೇ ಅಂತರಕ್ಕೆ ಕಿರುನಾಳಗಳ ತೊಂದರೆಗಳು ಶೇಕಡ 37ರಷ್ಟೂ, ಪಾರ್ಶ್ವವಾಯು ಶೇಕಡ 44ರಷ್ಟೂ ತಗ್ಗಿದವು. ಆದರೆ ಕ್ಯಾಪ್ಟೊಪ್ರಿಲ್ ನುಂಗಿದವರಿಗೂ, ಹಳೆಯ ಅಟೆನೊಲಾಲ್ ನುಂಗಿದವರಿಗೂ ಫಲದಲ್ಲಿ ಏನೂ ಭೇದ ಕಾಣಲಿಲ್ಲ. ಈ ವಿರೋಧಾಭಾಸದ ಪರಿಹಾರ ರೋಗಿಗಳ ಆಯ್ಕೆಯಲ್ಲಿದೆಯೆಂದು ನಾನು ತಿಳಿದಿದ್ದೇನೆ: ಬ್ರಿಟನ್ನಿನವರು ಹೊಸದಾಗಿ ರೋಗ ಪತ್ತೆಯಾದವರು, ಅವರಲ್ಲಿ ಹೆಚ್ಚಿನವರ ಮೂತ್ರಪಿಂಡ ಇನ್ನೂ ಸೋರುತ್ತಿರಲಿಲ್ಲ, ಅಮೆರಿಕದವರದು ಆಗಲೇ ಸೋರುತ್ತಿತ್ತು. ಸೋರಿಕೆ ಮೊದಲಾದ ಮೇಲೆ ಯಾವ ಮಾತ್ರೆಯೆಂಬುದು ಮುಖ್ಯ. ಅದಕ್ಕೆ ಮುಂಚೆ ಒತ್ತಡ ಇಳಿದರೆ ಸಾಕು. 2009ರಲ್ಲಿ ಪ್ರಕಟವಾದ ಒಂದು ಅಪೂರ್ವ ಪರೀಕ್ಷಣವು ಇದನ್ನು ಇನ್ನೊಂದು ಬದಿಯಿಂದ ಸಮರ್ಥಿಸಿತು. ರಕ್ತದೊತ್ತಡವೂ ಇಲ್ಲದ, ಆಲ್ಬುಮಿನ್ನೂ ಇಲ್ಲದ, ಮೊದಲನೆಯ ಬಗೆಯ 285 ಮಧುಮೇಹಿಗಳಿಗೆ ಐದು ವರ್ಷ ಎನಲಾಪ್ರಿಲ್, ಲೊಸಾರ್ಟನ್ ಅಥವಾ ಹುಸಿಮಾತ್ರೆಯನ್ನು ಕೊಟ್ಟು, ಆರಂಭದಲ್ಲೊಮ್ಮೆ ಅಂತ್ಯದಲ್ಲೊಮ್ಮೆ ಸೂಜಿಯಿಂದ ಅವರ ಮೂತ್ರಪಿಂಡದ ಚೂರನ್ನೇ ತೆಗೆದು ನೋಡಿದರು. ಮಾತ್ರೆಗಳಿಂದ ಅಲ್ಲಿ ಯಾವ ರಕ್ಷಣೆಯೂ ಕಾಣಲಿಲ್ಲ.

ಒಂದು ಮಾತ್ರೆ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಲ್ಲವೇ ಎಂದು ಪ್ರಿಲ್ಲನ್ನೂ ಸಾರ್ಟನ್ನನ್ನೂ ಒಟ್ಟಿಗೆ ಕೊಟ್ಟ ಪ್ರಯತ್ನಗಳು ಹಾನಿಯಲ್ಲಿ ಮುಗಿದವು. 2013ರಲ್ಲಿ ವರದಿಯಾದ, ಅಮೆರಿಕದ ಮಾಜಿ ಸೈನಿಕರ ಮೇಲಿನ ಪರೀಕ್ಷಣವನ್ನು ರಕ್ತದಲ್ಲಿ ಪೊಟ್ಯಾಸಿಯಂ ಮೇಲೇರಿದ್ದರಿಂದಲೂ ಮೂತ್ರಪಿಂಡಗಳು ಹಠಾತ್ತನೆ ಸೋತದ್ದರಿಂದಲೂ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಇನ್ನು ಕಣ್ಣು. ಇಲ್ಲಿ ಕಥೆಯೇ ಬೇರೆ. ಔಷಧಗಳ ಯುಗಕ್ಕೆ ಮುನ್ನ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ಜರ್ಮನ್ ವೈದ್ಯರು ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆಗಳನ್ನು ಮಾತ್ರ ಕೊಟ್ಟು, ಉಪ್ಪನ್ನು ಸಂಪೂರ್ಣವಾಗಿ ವರ್ಜಿಸಿ, ಅವರ ಅಕ್ಷಿಪಟಲದ ಛಾಯಾಚಿತ್ರಗಳನ್ನು ಮುಂಚಿನದೂ ಅನಂತರದ್ದೂ ಎಂದು ಜೋಡಿಸಿ ತೋರಿಸುತ್ತಿದ್ದರು. ಕೆಲವು ಮಧುಮೇಹಿಗಳ ಕಣ್ಣೂ ಅದರಲ್ಲಿ ತಿಳಿಯಾದುದುಂಟು. ಅನ್ನ ಬಿಡಿರೆಂದು ದಿನ ಬೆಳಗಾದರೆ ಕೇಳುವ ನಮ್ಮ ಜನಕ್ಕೆ ಈ ಸಂಗತಿ ತುಸು ಸಮಾಧಾನವನ್ನುಂಟುಮಾಡೀತು, ಆದರೆ ಕೆಂಪ್ನರರ ಅನ್ನದೊಡನೆ ಉಪ್ಪಿನಕಾಯಿ ಇರಲಿಲ್ಲ, ಸಾರಿಗೆ ಉಪ್ಪಿರಲಿಲ್ಲ, ಹಪ್ಪಳವಂತೂ ದೂರದ ಮಾತು.

ಬ್ರಿಟನ್ನಿನ ಅಧ್ಯಯನದಲ್ಲಿ ಒತ್ತಡವನ್ನು ಬಿಗಿಯಾಗಿ ಹಿಡಿದವರಿಗೆ ಅಕ್ಷಿಪಟಲದ ರೋಗ ಮುಂದುವರಿಯುವುದು ಶೇಕಡ 34ರಷ್ಟೂ, ದೃಷ್ಟಿ ಗಣನೀಯವಾಗಿ ಕುಂದುವುದು ಶೇಕಡ 47ರಷ್ಟೂ ಕಡಮೆಯಾದುದು ನಿಜವಾಗಿಯೂ ಉತ್ತೇಜಕವಾದ ಫಲ. ಅದೇ ವರ್ಷ ಯೂರೋಪಿನ ಇನ್ನೊಂದು ಪರೀಕ್ಷಣ ಲಿಸಿನೊಪ್ರಿಲ್ಲಿನಿಂದ ರೋಗದ ಮುನ್ನಡೆ ಅರ್ಧಕ್ಕಿಳಿಯಿತೆಂದು ಸಾರಿದಾಗ, ಪ್ರಿಲ್‌ಗಳಿಗೆ ಕಣ್ಣಿನ ಮೇಲೂ ವಿಶೇಷ ಶಕ್ತಿಯುಂಟೆಂಬ ಆಸೆ ಹುಟ್ಟಿತು. ಆದರೆ ಲಿಸಿನೊಪ್ರಿಲ್ ಗುಂಪಿನವರ ಸಕ್ಕರೆ ಆರಂಭದಲ್ಲಿಯೇ ತಕ್ಕಮಟ್ಟಿಗೆ ಕಡಮೆಯಾಗಿತ್ತಾದ್ದರಿಂದ ಆ ಫಲವನ್ನು ಪೂರ್ತಿ ನಂಬುವಂತಿರಲಿಲ್ಲ. ಈ ಆಸೆಯನ್ನೇ ಒರೆಗೆ ಹಚ್ಚಲೆಂದು 5231 ಜನರ ಮೇಲೆ ಕ್ಯಾಂಡೆಸಾರ್ಟನ್ನಿನ ಬೃಹತ್ ಪರೀಕ್ಷಣ ನಡೆದು 2008ರಲ್ಲಿ ಮುಗಿಯಿತು. ರೋಗವಿಲ್ಲದವರಲ್ಲಿ ಅದರ ಉದ್ಭವ ಶೇಕಡ 18ರಷ್ಟು ಕಡಮೆಯಾದಂತೆ ಕಂಡಿತು, ಆದರೆ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿತು. ಎರಡನೆಯ ಬಗೆಯವರಲ್ಲಿ ಮುನ್ನಡೆ ನಿಲ್ಲದಿದ್ದರೂ ಹಿಮ್ಮೆಟ್ಟಿದವರು ಶೇಕಡ 34ರಷ್ಟು ಹೆಚ್ಚಾದರು. ಜಯವೆನ್ನಲೂ ಆಗದು, ಸೋಲೆನ್ನಲೂ ಆಗದು. ಮೇಲೆ ಹೇಳಿದ 285 ಜನರ ಪರೀಕ್ಷಣದಲ್ಲಂತೂ, ಮೂತ್ರಪಿಂಡಕ್ಕೆ ಏನೂ ಮಾಡದ ಅದೇ ಮಾತ್ರೆಗಳು ಅದೇ ಜನರ ಕಣ್ಣಿಗೆ ನೆರವಾದವು: ಅಕ್ಷಿಪಟಲದ ರೋಗ ಎರಡು ಮೆಟ್ಟಿಲು ಮುಂದುವರಿದವರು ಹುಸಿಮಾತ್ರೆಯಲ್ಲಿ ಶೇಕಡ 38, ಎನಲಾಪ್ರಿಲ್ಲಿನಲ್ಲಿ 25, ಲೊಸಾರ್ಟನ್ನಿನಲ್ಲಿ 21. ಒಂದೇ ದೇಹದ ಎರಡು ಅಂಗಗಳಿಗೆ ಒಂದೇ ಗುಳಿಗೆ ಇಷ್ಟು ಬೇರೆ ಬೇರೆ ತೀರ್ಪು ಕೊಟ್ಟ ನಿದರ್ಶನ ಈ ಸಾಹಿತ್ಯದಲ್ಲಿ ನನಗೆ ಮತ್ತೊಂದು ಸಿಕ್ಕಿಲ್ಲ.

ಅನಂತರದ ದೊಡ್ಡ ಪರೀಕ್ಷಣಗಳು ಉತ್ಸಾಹಕ್ಕೆ ತಣ್ಣೀರೆರಚಿದವು. ಭಾರತವೂ ನ್ಯೂಜಿಲೆಂಡೂ ಸೇರಿದಂತೆ 20 ದೇಶಗಳ 11,140 ಮಧುಮೇಹಿಗಳಿಗೆ ಪೆರಿಂಡೊಪ್ರಿಲ್ ಮತ್ತು ಇಂಡಪಮೈಡ್‌ಗಳ ಜೋಡಿಮಾತ್ರೆಯನ್ನು ಕೊಟ್ಟ ಪರೀಕ್ಷಣದಲ್ಲಿ, 2007ರ ವರದಿಯಂತೆ, ಮೂತ್ರಪಿಂಡದ ತೊಂದರೆಗಳು ಶೇಕಡ 21ರಷ್ಟು ತಗ್ಗಿದರೆ ಕಣ್ಣಿನ ತೊಂದರೆಗಳು ಲೆಕ್ಕಕ್ಕೆ ಬರುವಷ್ಟು ತಗ್ಗಲಿಲ್ಲ. ಅಮೆರಿಕದವರು ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗಿಳಿಸಿ ನೋಡಿದರು. 2010ರಲ್ಲಿ ಬಂದ ಫಲದಲ್ಲಿ ಕಣ್ಣಿನ ರೋಗ ಮುಂದುವರಿದವರು ಬಿಗಿ ಹಿಡಿದವರಲ್ಲಿ ಶೇಕಡ 10.4, ಉಳಿದವರಲ್ಲಿ 8.8, ಲಾಭದ ಸುಳಿವಿಲ್ಲ. ಈ ಎಲ್ಲವನ್ನೂ ಕೂಡಿಸಿ ನೋಡಿದ ಸಮೀಕ್ಷೆಗಳ ಸಾರವೆಂದರೆ, ರಕ್ತದೊತ್ತಡವನ್ನು ಇಳಿಸುವುದರಿಂದ ಅಕ್ಷಿಪಟಲದ ರೋಗ ಹೊಸದಾಗಿ ಹುಟ್ಟುವುದು ಸ್ವಲ್ಪ ತಪ್ಪೀತು. ಹುಟ್ಟಿದ್ದು ಬೆಳೆಯುವುದನ್ನು ತಡೆಯುತ್ತದೆನ್ನಲು ಆಧಾರ ದುರ್ಬಲ. ಒತ್ತಡ ತೀರ ಏರಿದ್ದವರಿಗೆ ಇಳಿಸಿದಾಗ ಆಗುವ ಉಪಕಾರ, ಆಗಲೇ ಹದದಲ್ಲಿರುವವರಿಗೆ ಮತ್ತಷ್ಟು ಇಳಿಸಿದಾಗ ಆಗದೆಂಬುದೇ ಈ ಅಂಕಿಗಳ ಅಂತರಾರ್ಥವಿರಬೇಕು. ಕಣ್ಣಿನ ಪಾಲಿಗೆ ಹೆಚ್ಚು ಆಶಾದಾಯಕವಾದ ಗುಳಿಗೆ ಬಿ.ಪಿ.ಯದೇ ಅಲ್ಲ, ಕೊಬ್ಬಿನದು: ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಿನ್‌ಲೆಂಡುಗಳ 9795 ಜನರಲ್ಲಿ ಫೆನೊಫೈಬ್ರೇಟ್ ಕೊಟ್ಟ ಪರೀಕ್ಷಣದಲ್ಲಿ, ಹೃದಯಕ್ಕೆ ನಿರೀಕ್ಷಿಸಿದ ಫಲ ದೊರೆಯದೆ, ಲೇಸರ್ ಚಿಕಿತ್ಸೆಯ ಅಗತ್ಯ ಮಾತ್ರ ಶೇಕಡ 31ರಷ್ಟು ತಗ್ಗಿತು, 2024ರಲ್ಲಿ ಸ್ಕಾಟ್‌ಲೆಂಡಿನ ಪರೀಕ್ಷಣವೊಂದು ಕಣ್ಣನ್ನೇ ಗುರಿಯಾಗಿಟ್ಟುಕೊಂಡು ಅದನ್ನು ಬಹುಮಟ್ಟಿಗೆ ದೃಢಪಡಿಸಿತು.

ಆದುದರಿಂದ ಕಣ್ಣಿಗೆ ನಿಜವಾದ ಕಾವಲು ಗುಳಿಗೆಯಲ್ಲ, ಕ್ಯಾಮೆರಾ. ನ್ಯೂಜಿಲೆಂಡಿನಲ್ಲಿ ಮಧುಮೇಹಿಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ರೋಗದ ಚಿಹ್ನೆಯಿದ್ದರೆ ಇನ್ನೂ ಬೇಗ, ಅಕ್ಷಿಪಟಲದ ಚಿತ್ರ ತೆಗೆಸಲು ಕರೆ ಬರುತ್ತದೆ. ಇದಕ್ಕೆ ಹಣ ಕೊಡಬೇಕಾದುದಿಲ್ಲ. ಕಣ್ಣಿಗೆ ಹನಿ ಬಿಟ್ಟಾಗ ಚುರುಗುಟ್ಟುತ್ತದೆ, ಕಾಲುಗಂಟೆಯಲ್ಲಿ ಪಾಪೆ ಅಗಲಿಸಿ ಕೈಯಲ್ಲಿನ ಕಾಗದದ ಅಕ್ಷರ ಕಲಸಿಹೋಗುತ್ತದೆ. ಗಲ್ಲವನ್ನು ಊರಿ ಕುಳಿತರೆ ಬೆಳಕು ಫಕ್ಕನೆ ಹೊಡೆದು, ಎದುರಿನ ಗೋಡೆಯ ಮೇಲೆ ಸ್ವಲ್ಪ ಹೊತ್ತು ನೇರಳೆ ಬಣ್ಣದ ಬಿಲ್ಲೆಯೊಂದು ತೇಲುತ್ತದೆ. ಅಂದು ಕಾರು ಓಡಿಸಬಾರದೆಂದು ಮೊದಲೇ ಹೇಳಿರುತ್ತಾರೆ. ಕರೆದೊಯ್ಯಲು ಮಕ್ಕಳಿಗೆ ರಜೆ ಸಿಕ್ಕದೆಂಬ ಒಂದೇ ಕಾರಣಕ್ಕೆ ಈ ಪರೀಕ್ಷೆಯನ್ನು ಮುಂದೂಡುತ್ತ ಹೋಗುವ ಹಿರಿಯರು ನಮ್ಮವರಲ್ಲಿ ಕಡಮೆಯಿಲ್ಲ.

ಈಗ ಈ ದೇಶದ ವ್ಯವಸ್ಥೆಗೆ ಬರೋಣ. 50 ಲಕ್ಷಕ್ಕೆ ತುಸು ಹೆಚ್ಚಿನ ಜನಸಂಖ್ಯೆಯ ನ್ಯೂಜಿಲೆಂಡಿನಲ್ಲಿ ಮಧುಮೇಹಿಗಳು 3 ಲಕ್ಷಕ್ಕೂ ಮಿಕ್ಕಿದ್ದಾರೆ. ಪ್ರಮಾಣದಲ್ಲಿ ಪೆಸಿಫಿಕ್ ದ್ವೀಪಗಳ ಮೂಲದವರು ಎಲ್ಲರಿಗಿಂತ ಮುಂದೆ, ಭಾರತೀಯರೂ ಇಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳೂ ಅವರ ಹಿಂದೆ. 1993ರಲ್ಲಿ ಸ್ಥಾಪಿತವಾದ ಫಾರ್ಮ್ಯಾಕ್ ಎಂಬ ಸರಕಾರಿ ಸಂಸ್ಥೆ, ಯಾವ ಔಷಧಕ್ಕೆ ಸಾರ್ವಜನಿಕ ಹಣ ಸಲ್ಲಬೇಕೆಂಬುದನ್ನು ನಿರ್ಣಯಿಸುತ್ತದೆ. ಒಂದು ಸೀಮಿತ ಮೊತ್ತದೊಳಗೆ ಕಂಪನಿಗಳೊಡನೆ ಚೌಕಾಶಿ ಮಾಡಿ, ಅಗ್ಗಕ್ಕೆ ದೊರೆತುದನ್ನು ದೇಶಕ್ಕೆಲ್ಲ ಹಂಚುವುದು ಅದರ ರೀತಿ. ಇದರ ಫಲವಾಗಿ ಲೋಕದಲ್ಲಿ ಬೇರೆಡೆ ಅಷ್ಟಾಗಿ ಬಳಕೆಯಿಲ್ಲದ ಸಿಲಾಜಾಪ್ರಿಲ್ ಎಂಬ ಮಾತ್ರೆ ಇಲ್ಲಿ ಮನೆಮಾತಾಯಿತು. ಇತರ ದೇಶಗಳು ಅದನ್ನು ಕೈಬಿಟ್ಟು ಪೂರೈಕೆ ನೆಚ್ಚಲಾಗದಂತಾದಾಗ, 2021ರಿಂದ ಹೊಸಬರಿಗೆ ಅದನ್ನು ಕೊಡುವುದನ್ನು ನಿಲ್ಲಿಸಿ, ಹಳಬರೆಲ್ಲರನ್ನೂ ಬೇರೆ ಮಾತ್ರೆಗಳಿಗೆ ಬದಲಾಯಿಸಬೇಕಾಯಿತು. ಸಾರ್ಟನ್‌ಗಳನ್ನು ಬಹುಕಾಲ, ಪ್ರಿಲ್ ನುಂಗಿ ಒಣಕೆಮ್ಮು ಬಂದವರಿಗೆ ಮಾತ್ರವೆಂದು ವಿಶೇಷ ಅನುಮತಿಯ ಬೇಲಿಯೊಳಗೆ ಇಟ್ಟಿದ್ದರು. ಇದನ್ನು ಜಿಪುಣತನವೆಂದು ಜರೆದವರುಂಟು. ಆದರೆ ಪ್ರಿಲ್‌ಗಳ ಒಳಗೊಳಗೇ ಮೂತ್ರಪಿಂಡದ ರಕ್ಷಣೆಯಲ್ಲಿ ದೊಡ್ಡ ತಾರತಮ್ಯವಿದೆಯೆಂದು ಯಾರೂ ತೋರಿಸಿಲ್ಲವಾದ್ದರಿಂದ, ಈ ಒಂದು ವಿಷಯದಲ್ಲಿ ಫಾರ್ಮ್ಯಾಕಿನ ಲೆಕ್ಕಾಚಾರ ತಪ್ಪೆಂದು ನಾನು ಹೇಳಲಾರೆ.

ಹೀಗೆ ಔಷಧ ಅಗ್ಗ, ಪ್ರಮಾಣ ಬಲವಾದುದು, ವೈದ್ಯರಿಗೆ ತಿಳಿವಳಿಕೆಯುಂಟು. 2000ದಿಂದ 2012ರವರೆಗೆ ವರ್ಷಕ್ಕೊಮ್ಮೆ ಉಚಿತ ಮಧುಮೇಹ ತಪಾಸಣೆಯ ರಾಷ್ಟ್ರೀಯ ಯೋಜನೆಯೂ ಇದ್ದಿತು. ಆದರೂ ಇಲ್ಲಿ ಹೊಸದಾಗಿ ಡಯಾಲಿಸಿಸ್‌ಗೆ ಬರುವವರಲ್ಲಿ ಅರ್ಧದಷ್ಟು ಮಂದಿಯ ಮೂತ್ರಪಿಂಡ ಕೆಟ್ಟಿರುವುದು ಮಧುಮೇಹದಿಂದಲೇ. ಅವರಲ್ಲಿ ಮಾವೊರಿಗಳೂ ಪೆಸಿಫಿಕ್ ಜನರೂ ತಮ್ಮ ಜನಸಂಖ್ಯೆಯ ಪಾಲಿಗಿಂತ ಎಷ್ಟೋ ಹೆಚ್ಚು. ವಾರಕ್ಕೆ ಮೂರು ಸಲ ನಾಲ್ಕೈದು ಗಂಟೆ ಯಂತ್ರಕ್ಕೆ ತೋಳನ್ನೊಡ್ಡಿ ಕುಳಿತುಕೊಳ್ಳುವ ಆ ಬಾಳಿನ ಭಾರವನ್ನು ತಗ್ಗಿಸಲು, ಮನೆಯಲ್ಲಿಯೇ ಡಯಾಲಿಸಿಸ್ ಮಾಡಿಕೊಳ್ಳುವ ಪದ್ಧತಿಯನ್ನು ನ್ಯೂಜಿಲೆಂಡು ಬೇರೆ ದೇಶಗಳು ಬೆರಗಾಗುವಷ್ಟು ಬೆಳೆಸಿದೆಯೆಂಬುದು ಬೇರೆ ಮಾತು.

ಔಷಧಕ್ಕೂ ರೋಗಿಗೂ ನಡುವಿನ ಈ ಕಂದಕವನ್ನು ದಾಟಲು ಆಕ್ಲೆಂಡಿನ ವೈದ್ಯರು ಮಾಡಿದ ಒಂದು ಪ್ರಯತ್ನ, ಗಾತ್ರದಲ್ಲಿ ಚಿಕ್ಕದಾದರೂ, ನನಗೆ ಮೇಲಿನ ಬೃಹತ್ ಪರೀಕ್ಷಣಗಳಿಗಿಂತ ಹೆಚ್ಚು ಹೇಳುವಂತೆ ತೋರಿದೆ. 'ಡಿಫೆಂಡ್' ಎಂದು ಹೆಸರಾದ ಆ ಅಧ್ಯಯನದ ವರದಿ 2010ರಲ್ಲಿ ಪ್ರಕಟವಾಯಿತು. ಮಧುಮೇಹದಿಂದ ಮೂತ್ರಪಿಂಡ ಆಗಲೇ ಕೆಟ್ಟಿದ್ದ 65 ಮಾವೊರಿ ಮತ್ತು ಪೆಸಿಫಿಕ್ ರೋಗಿಗಳಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರ ಮನೆಗೆ ಅವರದೇ ಸಮುದಾಯದ ಆರೋಗ್ಯ ಸಹಾಯಕರು ತಿಂಗಳಿಗೊಮ್ಮೆ ಹೋಗಿ, ಬಿ.ಪಿ. ನೋಡಿ, ಮಾತ್ರೆ ತೆಗೆದುಕೊಂಡರೋ ಇಲ್ಲವೋ ವಿಚಾರಿಸಿ, ಒತ್ತಡ 130/80ಕ್ಕೆ ಇಳಿಯದಿದ್ದರೆ ಗೊತ್ತುಪಡಿಸಿದ ಕ್ರಮದಂತೆ ಔಷಧವನ್ನು ಏರಿಸುವ ಏರ್ಪಾಡು ಮಾಡುತ್ತಿದ್ದರು. ಹೊಸ ಔಷಧವೊಂದೂ ಅಲ್ಲಿರಲಿಲ್ಲ. ಹನ್ನೆರಡು ತಿಂಗಳಲ್ಲಿ ಮೇಲಿನ ಒತ್ತಡ ಎಂದಿನ ಗುಂಪಿನಲ್ಲಿ 12 ಇಳಿದರೆ ಇವರಲ್ಲಿ 21 ಇಳಿಯಿತು. ಮೂತ್ರದ ಸಸಾರಜನಕ ತಗ್ಗಿತು. ಹೃದಯದ ಗೋಡೆ ದಪ್ಪವಾಗುವುದು ಹಿಡಿತಕ್ಕೆ ಬಂತು. ವರ್ಷ ಮುಗಿದು ಮನೆಭೇಟಿಗಳು ನಿಂತವು. ನಾಲ್ಕು ವರ್ಷಗಳ ತರುವಾಯ ನೋಡಿದಾಗ ಆ ಲಾಭ ಉಳಿದಿರಲಿಲ್ಲ.

ಇದು ಆ ಜನರ ದೋಷವೆಂದು ತಿಳಿಯುವವರು ಬ್ರಿಟನ್ನಿನ ಅಧ್ಯಯನದ ಉತ್ತರಕಾಂಡವನ್ನು ನೋಡಬೇಕು. ಅಲ್ಲಿಯೂ ಪರೀಕ್ಷಣ ಮುಗಿದ ಎರಡು ವರ್ಷಗಳೊಳಗೆ ಎರಡು ಗುಂಪುಗಳ ರಕ್ತದೊತ್ತಡದ ಅಂತರ ಅಳಿಸಿಹೋಯಿತು. ಹತ್ತು ವರ್ಷಗಳ ಮೇಲೆ, 2008ರಲ್ಲಿ ಲೆಕ್ಕ ಹಾಕಿದಾಗ, ಸಕ್ಕರೆಯನ್ನು ಹಿಂದೊಮ್ಮೆ ಬಿಗಿಯಾಗಿ ಹಿಡಿದುದರ ಪುಣ್ಯ ಇನ್ನೂ ಫಲ ಕೊಡುತ್ತಿದ್ದರೂ, ಒತ್ತಡವನ್ನು ಬಿಗಿಯಾಗಿ ಹಿಡಿದುದರ ಪುಣ್ಯ ತೀರಿಹೋಗಿತ್ತು. ರಕ್ತದೊತ್ತಡದ ಚಿಕಿತ್ಸೆಯಲ್ಲಿ ಕೂಡಿಟ್ಟ ಬಂಡವಾಳವೆಂಬುದಿಲ್ಲ. ಇಂದಿನ ಮಾತ್ರೆ ಇಂದಿಗೆ.

ನಮ್ಮವರ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. 2023ರ ಜನಗಣತಿಯಂತೆ ಇಲ್ಲಿ ಭಾರತೀಯ ಮೂಲದವರು 3 ಲಕ್ಷಕ್ಕೆ ಸಮೀಪ. ಅವರಲ್ಲಿ ಕನ್ನಡದ ಮನೆಗಳು ಹೆಚ್ಚಾಗಿ ಆಕ್ಲೆಂಡಿನ ಸುತ್ತಮುತ್ತ. ಮಗನ ಮನೆಗೆಂದು ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಬರುವ ತಂದೆತಾಯಿಗಳ ಕೈಚೀಲದಲ್ಲಿ ಆರು ತಿಂಗಳಿಗಾಗುವಷ್ಟು ಟೆಲ್ಮಿಸಾರ್ಟನ್ ಸ್ಟ್ರಿಪ್ಪುಗಳಿರುವುದು ಸಾಮಾನ್ಯ. ಅವು ಮುಗಿಯುತ್ತ ಬಂದಾಗ ಇಲ್ಲಿಯ ವೈದ್ಯರು ಕ್ಯಾಂಡೆಸಾರ್ಟನ್ ಅಥವಾ ಲೊಸಾರ್ಟನ್ ಬರೆದುಕೊಟ್ಟರೆ, ಹೆಸರು ಬೇರೆಯಾದುದರಿಂದ ಬೇರೆ ಕಾಯಿಲೆಯ ಮಾತ್ರೆಯೆಂದು ಭಾವಿಸಿ ಎರಡನ್ನೂ ನುಂಗಿದ ಪ್ರಸಂಗಗಳನ್ನು ಕೇಳಿದ್ದೇನೆ. ವಾಂತಿಭೇದಿಯಾಗಿ ಮೈಯ ನೀರು ಆರಿದ ದಿನ ಈ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕೆಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಮಂಡಿನೋವಿಗೆಂದು ಇಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲೇ ದೊರೆಯುವ ಐಬುಪ್ರೊಫೆನ್, ಮೂತ್ರ ಹೆಚ್ಚಿಸುವ ಮಾತ್ರೆ, ಮತ್ತು ಪ್ರಿಲ್ ಇಲ್ಲವೇ ಸಾರ್ಟನ್, ಈ ಮೂರೂ ಒಟ್ಟಿಗೆ ಸೇರಿದರೆ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಸೋಲಬಹುದು. ಸೋಡಿಯಂ ಕಡಮೆಯೆಂದು ಮಾರುವ ಉಪ್ಪಿನಲ್ಲಿರುವ ಪೊಟ್ಯಾಸಿಯಂ ಕೂಡ ಇವುಗಳೊಡನೆ ಕೂಡಿ ಹೃದಯಕ್ಕೆ ಅಪಾಯ ತರಬಲ್ಲದು. ಗರ್ಭಿಣಿಯರಿಗಂತೂ ಈ ಪ್ರಿಲ್ ಸಾರ್ಟನ್‌ಗಳು ಸಲ್ಲವೇ ಸಲ್ಲವು. ಮಾತ್ರೆ ಆರಂಭಿಸಿದ ಒಂದೆರಡು ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಿದರೆ ಗಾಬರಿಯಾಗಿ ಬಿಟ್ಟುಬಿಡುವುದು ಮಾತ್ರ ಅವಿವೇಕ: ಗೊಂಚಲಿನ ಒತ್ತಡ ಇಳಿದುದರ ಗುರುತೇ ಅದು, ಶೇಕಡ 30ರವರೆಗಿನ ಏರಿಕೆಯನ್ನು ವೈದ್ಯರು ಸಹಿಸುತ್ತಾರೆ.

2019ರಿಂದೀಚೆಗೆ ಕ್ಯಾನಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು ಮೂತ್ರಪಿಂಡದ ರಕ್ಷಣೆಯಲ್ಲಿ ಹೊಸ ಅಧ್ಯಾಯವನ್ನು ತೆರೆದಿವೆ. ಇವು ಒಳಬರುವ ಕಿರುನಾಳವನ್ನು ಬಿಗಿಮಾಡಿ, ಅದೇ ಗೊಂಚಲಿನ ಒತ್ತಡವನ್ನು ಇನ್ನೊಂದು ತುದಿಯಿಂದ ಇಳಿಸುತ್ತವೆ. ಇವುಗಳ ಮೊದಲ ದೊಡ್ಡ ಮೂತ್ರಪಿಂಡ ಪರೀಕ್ಷಣದಲ್ಲಿ 4401 ರೋಗಿಗಳೆಲ್ಲರೂ ಪ್ರಿಲ್ ಅಥವಾ ಸಾರ್ಟನ್ ಮೇಲೆಯೇ ಇದ್ದರೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಿರೆಂಬುದಕ್ಕೆ ಅಲ್ಲಿ ಆಧಾರವಿಲ್ಲ. 2021ರ ಫೆಬ್ರವರಿಯಲ್ಲಿ ಫಾರ್ಮ್ಯಾಕ್ ಎಂಪಾಗ್ಲಿಫ್ಲೋಜಿನ್‌ಗೆ ಹಣ ಕೊಡಲಾರಂಭಿಸಿದಾಗ, ಸಕ್ಕರೆ ಹತೋಟಿಗೆ ಬಾರದ ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರೊಡನೆ, ಮಾವೊರಿ ಅಥವಾ ಪೆಸಿಫಿಕ್ ಮೂಲದವರಾಗಿರುವುದನ್ನೂ ಒಂದು ಅರ್ಹತೆಯೆಂದು ಬರೆಯಿತು. ಜನಾಂಗವನ್ನು ನೋಡಿ ಔಷಧವೇ ಎಂದು ಕೆಲವರು ಕೆರಳಿದರು. ಯಾರ ಮೂತ್ರಪಿಂಡ ಮೊದಲು ಕೆಡುತ್ತದೆಂಬುದು ದಶಕಗಳಿಂದ ಲೆಕ್ಕಪತ್ರಗಳಲ್ಲಿ ನಮೂದಾಗಿರುವ ದೇಶದಲ್ಲಿ ಆ ಆಕ್ಷೇಪ ನನಗೆ ಹಿಡಿಸಲಿಲ್ಲ. ಭಾರತೀಯರನ್ನು ಆ ಸಾಲಿನಲ್ಲಿ ಸೇರಿಸದಿದ್ದುದು ನ್ಯಾಯವೇ ಎಂಬುದನ್ನು ಮಾತ್ರ, ನಮ್ಮ ಸಂಘಗಳು ದೀಪಾವಳಿಯ ಕಾರ್ಯಕ್ರಮಗಳ ನಡುವೆ ಬಿಡುವಾದಾಗ ಕೇಳಬಹುದಾಗಿದೆ.

2023ರ ಜುಲೈಯಲ್ಲಿ ಸರಕಾರ ಪ್ರತಿ ಔಷಧದ ಮೇಲಿನ ಐದು ಡಾಲರ್ ಶುಲ್ಕವನ್ನು ತೆಗೆದುಹಾಕಿತು. ಬೇರೆ ಸರಕಾರ ಬಂದು, 2024ರ ಜುಲೈಯಿಂದ, 14 ವರ್ಷಕ್ಕಿಂತ ಚಿಕ್ಕವರು, 65 ದಾಟಿದವರು ಮತ್ತು ಕಡಮೆ ವರಮಾನದ ಕಾರ್ಡು ಉಳ್ಳವರನ್ನು ಬಿಟ್ಟು ಉಳಿದವರ ಮೇಲೆ ಅದನ್ನು ಮರಳಿ ಹೇರಿತು. ಒಟಾಗೋ ವಿಶ್ವವಿದ್ಯಾನಿಲಯದ ಪಾಲಿನ್ ನಾರಿಸ್ ಮತ್ತು ಸಂಗಡಿಗರು ಬಡ ಬಡಾವಣೆಗಳಲ್ಲಿ ಈ ಶುಲ್ಕವನ್ನು ಕೆಲವರಿಗೆ ಮನ್ನಾ ಮಾಡಿಸಿ ನೋಡಿದಾಗ, ಮನ್ನಾ ದೊರೆತವರಲ್ಲಿ ಆಸ್ಪತ್ರೆ ಸೇರಿದವರು ಉಳಿದವರಿಗಿಂತ ಕಡಮೆಯಾಗಿದ್ದರು. ಸಕ್ಕರೆಗೆ ಎರಡು, ಒತ್ತಡಕ್ಕೆ ಎರಡು, ಕೊಬ್ಬಿಗೆ ಒಂದು ಎಂದು ಐದು ಮಾತ್ರೆ ನುಂಗುವ ಮಧ್ಯವಯಸ್ಕ ಕಾರ್ಮಿಕನಿಗೆ ಮೂರು ತಿಂಗಳಿಗೆ ಇಪ್ಪತ್ತೈದು ಡಾಲರ್. ಸಕ್ಕರೆಯ ಮಾತ್ರೆ ಬಿಟ್ಟರೆ ಬಾಯಾರಿಕೆ ಕಾಣುತ್ತದೆ. ಒತ್ತಡದ ಮಾತ್ರೆ ಬಿಟ್ಟರೆ ಏನೂ ಕಾಣುವುದಿಲ್ಲವಾದ್ದರಿಂದ, ಕೈ ಬಿಗಿಯಾದ ತಿಂಗಳಲ್ಲಿ ಅವನು ಕೌಂಟರಿನಲ್ಲಿಯೇ ಬಿಟ್ಟುಬರುವುದು ಅದನ್ನೇ.